ನಲವತ್ತು ಗಜದ ಬಾವಿ

“ಸುಣ್ಣ ಹಾಕೂದು, ಅಳಸೂದು. ನಾಕ ದಿನ ಆತು, ಇದ ಕೆಲಸ. ಮೊದಲನೇ ಕಟ್ಟಡ ಇಲ್ಲಿ ಅಂದ್ರು ಎಂಜಿನಿಯರ್ ಸಾಹೇಬ್ರು, ಗೆರಿ ಹಾಕಿದೆ. ಗಾಳಿ ಬರೂದಿಲ್ಲ, ಸರಿಸು ಅಂದ್ರು, ಸರಿಸಿದೆ. ಈಗ ಮೂರನೇದು ತಂದು ನಮ್ಮ ಸೀನೀರಿನ ಬಾವಿ ಮ್ಯಾಲ ಕುಂದರಸ್ಯಾರ. ಬಾವಿ ಇಲ್ಲೇ ಅದರಿ ಅಂದ್ರ, ಕಾಗದದಾಗ ಬ್ಯಾರೆ ಕಡಿ ಅದ ಅಂತಾರ. ಕಾಗದದಾಗ ಕೊಡ ಬಿಟ್ಟು ನೀರು ಸೇದಲೇನು ನಾ?”

ಯಾದಗಿರಿಯ ಅಂಚಿನ ಬಯಲಿನಲ್ಲಿ ಮೋನಮ್ಮ ಹೀಗೆ ಗೊಣಗಿದ್ದು ಮುದಿ ಮೇಸ್ತ್ರಿ ನಬಿಸಾಬರ ಮುಂದೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ನೌಕರರಿಗೆಂದು ಮೂರು ಅಂತಸ್ತಿನ ನಾಲ್ಕು ಕಟ್ಟಡ ಏಳಬೇಕಿತ್ತು. ನಕಾಶೆಯಂತೆ ನೆಲದ ಮೇಲೆ ಸುಣ್ಣದ ಗೆರೆ ಎಳೆಯುವುದು ಮೋನಮ್ಮನ ಕೂಲಿ. ಅವಳ ಕೇರಿಗೆ ಸಿಹಿನೀರೆಂದರೆ ಅದೊಂದೇ ಬಾವಿ, ಉಳಿದವೆಲ್ಲ ಸವಳು. ಅದು ಮುಚ್ಚಿದರೆ ಕೊಡ ಹೊತ್ತು ಸ್ಟೇಶನ್ನಿನ ಆಚೆಗೆ ನಡೆಯಬೇಕು.

ಮೈಸೂರು ಕಡೆಯ ಎಂಜಿನಿಯರ್ ಶ್ರೀಕಂಠಯ್ಯ ನಕಾಶೆ ಬಿಚ್ಚಿ ಹಿಡಿದರು. “ಗಡಿಕಲ್ಲಿನಿಂದ ನಲವತ್ತು ಅಡಿ ಕಣಮ್ಮ. ಬಾವಿ ಅಂಗಳದಲ್ಲೇ ಬರುತ್ತೆ.”

“ಅಲ್ಲಿ ಮುಳ್ಳುಕಂಟಿ ಅದರಿ.”

“ಹಾಗಾದರೆ ಆ ಬಾವಿ ಹೂತುಹೋಗಿದೆ. ನೀನು ತೋರಿಸ್ತಿರೋದು ಯಾವುದೋ ಗುಂಡಿ. ನಾಳೆ ಮುಚ್ಚಿಸ್ತೀನಿ.”

ಮೋನಮ್ಮ ಸುಣ್ಣದ ಬುಟ್ಟಿ ಕುಕ್ಕಿದಳು. “ನಬಿಚಾಚಾ, ನಿಜಾಮರ ಕಾಲದಾಗ ಈ ಬಯಲು ಅಳದಾಗ ಹಗ್ಗ ಹಿಡದಾವ್ರು ನೀವ ಅಲ್ಲೇನು? ಆಗ ಅಡಿ ಲೆಕ್ಕ ಎಲ್ಲಿತ್ತು?”

“ಅಡಿ ಎಲ್ಲೀದವ್ವ. ಎಲ್ಲಾ ಗಜದ ಲೆಕ್ಕ.”

“ನಾಕ ದಿನ ಬಾಯಾಗ ಬೀಡಿ ಇಟ್ಟುಕೊಂಡು ಸುಮ್ಮ ಕುಂತೀರಲ್ಲ.”

“ನನ್ನ ಯಾರು ಕೇಳ್ಯಾರ?”

ಹಳೆಯ ಉರ್ದು ನಕಾಶೆಯಿಂದ ಬಾವಿಯ ಅಂಕಿಯನ್ನು ಎತ್ತಿಕೊಂಡ ಹೊಸ ಕಚೇರಿಯವರು ಗಜವನ್ನು ಅಡಿ ಮಾಡಿಬಿಟ್ಟಿದ್ದರು. ಒಂದು ಗಜಕ್ಕೆ ಮೂರು ಅಡಿ. ನಬಿಸಾಬರು ಗಜಕ್ಕೊಂದು ಗಂಟು ಹಾಕಿದ ತಮ್ಮ ಹಳೆಯ ಹಗ್ಗ ತಂದರು. ಗಡಿಕಲ್ಲಿನ ಬಳಿ ಅವರು ಕುಕ್ಕರಗಾಲಿನಲ್ಲಿ ಕುಳಿತರು, ಮೋನಮ್ಮ ಇನ್ನೊಂದು ತುದಿ ಎಳೆದುಕೊಂಡು ನಡೆದಳು. ನಲವತ್ತನೆಯ ಗಂಟು ಬಾವಿಕಟ್ಟೆಗೆ ತಾಗಿತು.

ಶ್ರೀಕಂಠಯ್ಯ ಬಾವಿಗೆ ಬಗ್ಗಿ ನೋಡಿದರು, ಮತ್ತೆ ಕಾಗದ ನೋಡಿದರು. “ಮೂರನೇ ಕಟ್ಟಡ ಮುಳ್ಳುಕಂಟಿ ಕಡೆ ಹೋಗಲಿ. ಅಂಗಳ ಇಲ್ಲಿ ಬರಲಿ.”

“ಕಂಪೌಂಡಿಗೆ ನಮ್ಮ ಕೇರಿ ಕಡಿ ಒಂದು ಬಾಗಲಾ ಇಡ್ರಿ.”

“ಅದು ನಕಾಶೆಯಲ್ಲಿ ಇಲ್ವಲ್ಲಮ್ಮ.”

“ಈಗ ಬರೀರಿ.”

ಅವರು ಪೆನ್ಸಿಲ್ ತೆಗೆದು ಬರೆದರು. ಬರೆದು ಮುಗಿಯುವವರೆಗೆ ಅವಳು ಅಲುಗಲಿಲ್ಲ.

“ಗೆರಿ ಎಲ್ಲಾ ಮತ್ತ ಅಳಸಬೇಕೇನ್ರಿ?”

“ಎಲ್ಲಾ.”

ಮೋನಮ್ಮ ನಾಲ್ಕು ದಿನದ ಸುಣ್ಣವನ್ನು ಕಾಲಿನಿಂದ ಉಜ್ಜುತ್ತ ಹೋದಳು. ಹೊತ್ತು ಇಳಿದ ಮೇಲೆ ಕೊಡಕ್ಕೆ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು, ಕಟ್ಟೆಯ ಮೇಲೆ ಕೈಕಾಲಿನ ಸುಣ್ಣ ತೊಳೆದು, ಮನೆಗೆ ನೀರು ಸೇದತೊಡಗಿದಳು.