ಪುಟ್ಟೇನಹಳ್ಳಿಯ ಪುರುಷರತ್ನ

ವಾಪಸ್ ರೈಲಿಗೆ ಇನ್ನೂ ಮೂರು ಗಂಟೆ ಇದ್ದುದರಿಂದ ಯಲಹಂಕ ಸ್ಟೇಷನ್ನಿನಿಂದ ಆಟೋ ಹಿಡಿದು ಪುಟ್ಟೇನಹಳ್ಳಿ ಕೆರೆಗೆ ಬಂದೆ. ಕಾಡು ವಯೊಲೆಟ್ ಹೂವಿನ ಬಳಗದ ಪುರುಷರತ್ನ ಗಿಡ ಇಲ್ಲಿ ಬೆಳೆಯುತ್ತದೆಂದು ಕೇಳಿದ್ದೆ. ನಾಲ್ಕು ಎಸಳು ಇದ್ದೂ ಇಲ್ಲದಂತಿದ್ದು, ಐದನೆಯದೊಂದೇ ಅಗಲವಾಗಿ, ನಸುನೇರಳೆಯಾಗಿ ಇಳಿಬಿದ್ದಿರುತ್ತದೆ ಎಂಬುದು ನನಗೆ ಗೊತ್ತಿದ್ದ ಗುರುತು. ಬೇಲಿಯ ಪಕ್ಕ ಹುಲ್ಲನ್ನು ಆಗಷ್ಟೇ ಕೊಯ್ದಿದ್ದರು. ನಡುನಡುವೆ ಹಿಡಿಯಷ್ಟು ಹುಲ್ಲು ಹಾಗೇ ನಿಂತಿತ್ತು. ಸೋಮಾರಿ ಕೆಲಸ ಎಂದುಕೊಂಡೆ. ಅರ್ಧ ಗಂಟೆ ಹುಡುಕಿದರೂ ಒಂದು ಹೂವೂ ಕಾಣಲಿಲ್ಲ. ಹುಲ್ಲಿನ ಹೊರೆ ಕಟ್ಟುತ್ತಿದ್ದ ಹೆಂಗಸನ್ನು ಕೇಳಿದೆ.

“ಬಿಸ್ಲು ಏರಿದ್ಮೇಲೆ ಊವು ಎಲ್ಲಿರ್ತದೆ ಸಾರ್? ಕಾಯಿ ನೋಡಿ,” ಎಂದು ಕುಡುಗೋಲಿನ ತುದಿಯಿಂದ ನನ್ನ ಕಾಲ ಬಳಿಯೇ ತೋರಿಸಿದರು. ಒಣಗಿದ ಪುಟ್ಟ ಕಾಯಿ ಮೂರು ಹೋಳಾಗಿ ಬಾಯಿ ಬಿಟ್ಟಿತ್ತು. ಒಳಗೆ ಬೀಜಗಳ ಸಾಲು. ಬೇರನ್ನೂ ನೋಡುವ ಚಪಲಕ್ಕೆ ಗಿಡವನ್ನು ಕಿತ್ತೇಬಿಟ್ಟೆ.

“ಅಯ್ಯೋ, ಕಿತ್ಬಿಟ್ರಾ! ಮದ್ದಿನ ಗಿಡ ಸಾರ್. ಬೀಜ ಉದುರ್ಲಿ ಅಂತ ಕುಯ್ಯದಂಗೆ ಬಿಟ್ಟಿದ್ದೆ.”

ಕೊಯ್ದ ಜಾಗವನ್ನು ಮತ್ತೆ ನೋಡಿದೆ. ಉಳಿದಿದ್ದ ಒಂದೊಂದು ಹಿಡಿ ಹುಲ್ಲಿನ ನಡುವೆಯೂ ಒಂದೊಂದು ಪುರುಷರತ್ನವಿತ್ತು. ನನ್ನ ಕಾಲ ಬಳಿಯ ಹಿಡಿಯಲ್ಲಿ ಮಾತ್ರ ಹಸಿಮಣ್ಣಿನ ಒಂದು ತೂತು.