ಗ್ರಾಫಿನಲ್ಲಿ ಎದ್ದ ಗುಡ್ಡ

ಮಂಚೇನಹಳ್ಳಿಯ ತೋಟದಲ್ಲಿ ದವನದ ಎಣ್ಣೆ ತೆಗೆಯುವುದೆಂದು ತೀರ್ಮಾನಿಸಿದ ಮೇಲೆ ನನ್ನ ಯಜಮಾನರು ಮೊದಲು ಮಾಡಿದ ಕೆಲಸ, ಹಬೆ ಎಂದರೇನೆಂದು ನನಗೆ ವಿವರಿಸಿದ್ದು. ಇಪ್ಪತ್ತು ವರ್ಷ ಅವರಿಗೆ ಇಡ್ಲಿ ಬೇಯಿಸಿ ಹಾಕಿದ್ದೇನೆ, ಕೃತಜ್ಞತೆಯಿಂದ ಕೇಳಿಸಿಕೊಂಡೆ. ಕಾನ್ವೆಂಟಿನಲ್ಲಿ ನಾನು ರಸಾಯನಶಾಸ್ತ್ರ ಓದಿದ್ದಕ್ಕೆ ನಮ್ಮ ಮನೆಯಲ್ಲಿ ಕಸೂತಿ ಕಲಿತಷ್ಟೇ ಬೆಲೆ.

ಕೆಲಸವೇನೋ ಸರಳ. ನೆರಳಲ್ಲಿ ಬಾಡಿಸಿದ ದವನವನ್ನು ದೊಡ್ಡ ಸ್ಟೀಲ್ ಹಂಡೆಗೆ ತುಂಬಿ, ಕೆಳಗಿನಿಂದ ಹಬೆ ಬಿಡಬೇಕು. ಪರಿಮಳ ಹೊತ್ತ ಹಬೆ ತಣ್ಣೀರಿನ ತೊಟ್ಟಿಯೊಳಗಿನ ಕೊಳವೆಯಲ್ಲಿ ಹಾಯ್ದು ನೀರಾಗಿ ಇಳಿಯುತ್ತದೆ. ಮೇಲೆ ತೇಲುವ ಕಂದು ಎಣ್ಣೆಯೇ ಸರಕು. ಅಷ್ಟು ದೊಡ್ಡ ಹಂಡೆಗೆ ಒಂದು ಕಾಫಿ ಲೋಟದಷ್ಟು ಬಂತು. ಯಜಮಾನರು ಅದನ್ನು ಆಗ ಹುಟ್ಟಿದ ಕೂಸಿನ ಹಾಗೆ ಎತ್ತಿಕೊಂಡು ಓಡಾಡಿದರು.

ಬೆಂಗಳೂರಿನ ಅತ್ತರು ವ್ಯಾಪಾರಿ ಅದನ್ನು ಪ್ರಯೋಗಾಲಯಕ್ಕೆ ಕಳಿಸಿದ. ಅಲ್ಲಿನ ಯಂತ್ರ ಎಣ್ಣೆಯನ್ನು ಆವಿ ಮಾಡಿ, ಒಂದೊಂದು ಅಂಶವನ್ನೂ ಬೇರ್ಪಡಿಸಿ, ಒಂದೊಂದಕ್ಕೂ ಗ್ರಾಫಿನಲ್ಲಿ ಒಂದು ಗುಡ್ಡ ಬರೆಯುತ್ತದೆ. ದವನದ ಮುಖ್ಯ ಅಂಶದ ಗುಡ್ಡ ಇರಬೇಕಾದ ಕಡೆಯೇ ಇತ್ತು. ಅದಕ್ಕಿಂತ ಮೊದಲೇ, ಕರೆಯದೆ ಬಂದ ನೆಂಟನಂತೆ, ಇನ್ನೊಂದು ಎದ್ದಿತ್ತು: ಕರ್ಪೂರ. ಕಲಬೆರಕೆ, ಅಂದ ವ್ಯಾಪಾರಿ. ಇನ್ನೊಂದೇ ಸಲ ನೋಡುತ್ತಾನಂತೆ. ಆಗಲೂ ಹೀಗೇ ಇದ್ದರೆ ನಮ್ಮ ಎಣ್ಣೆ ಅವನಿಗೆ ಬೇಡ. ತೋಟದಲ್ಲಿ ಉಳಿದಿದ್ದದ್ದು ಒಂದು ಹಂಡೆಗೆ ಆಗುವಷ್ಟು ದವನ.

ಯಜಮಾನರು ತನಿಖೆ ಶುರುಮಾಡಿದರು. ಗೊಬ್ಬರ, ಬೋರ್‌ವೆಲ್ ನೀರು, ಹಂಡೆಗೆ ವೆಲ್ಡಿಂಗ್ ಮಾಡಿದವನು, ಕೊನೆಗೆ ಪಕ್ಕದ ನೀಲಗಿರಿ ತೋಪಿನಿಂದ ಬೀಸುವ ಗಾಳಿ. ಗಾಳಿಯನ್ನೂ ಅನುಮಾನಿಸಿದವರು ಮನೆಯವರನ್ನು ಮಾತ್ರ ಬಿಟ್ಟಿದ್ದರು.

ನನಗೆ ಮೊದಲ ದಿನದ ಪೂಜೆ ನೆನಪಾಯಿತು. ಅತ್ತೆ ಹಂಡೆಗೆ ಅರಿಶಿನ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಎರಡೇ ಬಿಲ್ಲೆ ಕರ್ಪೂರ ಬೆಳಗಿದ್ದರು. ತುಂಬಿದ್ದ ಡಬ್ಬಿ ಮನೆಗೆ ಬಂದಾಗ ಖಾಲಿಯಾಗಿತ್ತು. ಕಂಡದ್ದನ್ನಷ್ಟೇ ಬರೆಯಿರಿ, ಊಹಿಸಿದ್ದನ್ನಲ್ಲ ಎಂದು ಲ್ಯಾಬಿನಲ್ಲಿ ಸಿಸ್ಟರ್ ಹೇಳುತ್ತಿದ್ದರು. ಅತ್ತೆಯ ಮೇಲಿನ ಊಹೆಯನ್ನು ಅವರ ಮಗನಿಗೆ ಹೇಳುವ ಧೈರ್ಯ ಸಿಸ್ಟರಿಗೂ ಇರುತ್ತಿರಲಿಲ್ಲ.

ಎರಡನೆಯ ಸಲ ಸೊಪ್ಪು ತುಂಬಿಯಾಯಿತು. ಯಜಮಾನರು ಒಲೆಯ ಕಡೆ ಬಗ್ಗಿದ್ದರು. ಅತ್ತೆ ತೆರೆದ ಹಂಡೆಯ ಹತ್ತಿರ ಬಂದರು, ಬಲಮುಷ್ಟಿ ಬಿಗಿಯಾಗಿತ್ತು. ನಾನು ನಡುವೆ ಹೋಗಿ ನಿಂತೆ.

"ಅತ್ತೆ, ಕೈ ಸ್ವಲ್ಪ ಬಿಚ್ಚಿ."

"ಏಮಮ್ಮಾ, ದೇವ್ರ ಕೆಲ್ಸಕ್ಕೂ ನಿನ್ನ ಪರ್ಮಿಷನ್ ಬೇಕಾ? ಹೊರಗಡೆ ಬೆಳಗಿದ್ರೆ ಒಳಗಿರೋ ಸೊಪ್ಪಿಗೆ ಏನ್ ಸಿಕ್ತು?"

"ಒಳಗೆ ಹಾಕಿದ್ದು ಬೆಂಗಳೂರಿನ ಮಿಷನ್‌ಗೆ ಕಾಣ್ಸುತ್ತೆ."

ಅತ್ತೆ ಮಗನ ಬೆನ್ನು ನೋಡಿದರು. ದನಿ ತಗ್ಗಿತು.

"ಹೋದ್ಸಲದ್ದೂ ಕಾಣಿಸ್ತಾ?"

"ಕಾಣಿಸ್ತು."

"ನನ್ನ ಹೆಸ್ರು ಬಂದಿದ್ಯಾ ಅದ್ರಲ್ಲಿ?"

"ಇಲ್ಲ, ಬರೀ ಕರ್ಪೂರ ಅಂತಿದೆ."

ಮುಷ್ಟಿ ಬಿಚ್ಚಿತು. ಬೆವರಿಗೆ ಅಂಟಿಕೊಂಡಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಅಂಗೈಗೆ ಹಾಕಿದರು. ನಾನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಹಂಡೆಯಿಂದ ಆದಷ್ಟು ದೂರ ಹೋಗಿ ಕುಳಿತೆ.

ಹೊಸ ಗ್ರಾಫಿನಲ್ಲಿ ಆ ಗುಡ್ಡ ಇರಲಿಲ್ಲ. ವ್ಯಾಪಾರಿ ಎಣ್ಣೆ ಒಪ್ಪಿಕೊಂಡ, ಮುಂದಿನ ಬೆಳೆಯದ್ದೂ ಬೇಕೆಂದ. ಊಟದ ಹೊತ್ತಿಗೆ ಯಜಮಾನರು ಕಾರಣ ವಿವರಿಸಿದರು: ಈ ಸಲ ನೀಲಗಿರಿ ತೋಪಿನ ಗಾಳಿ ಆಚೆ ಕಡೆಗೆ ತಿರುಗಿತ್ತಂತೆ.

ಹೌದಪ್ಪಾ, ಗಾಳಿ ತಿರುಗಿದ್ದು ನನಗೂ ಗೊತ್ತಾಯಿತು ಎಂದು ನನಗಿಂತ ಮೊದಲು ತಲೆಯಾಡಿಸಿದವರು ಅತ್ತೆ.