ಕ್ಯಾರಿಯರ್ ಸರ್

ಮೊನ್ನೆ ಬ್ರೂಸ್‌ಪೇಟೆಯ ಸ್ಟೀಲು ಪಾತ್ರೆ ಅಂಗಡಿಯೊಂದರಲ್ಲಿ ಊಟದ ಡಬ್ಬಿ ನೋಡುತ್ತಿದ್ದೆ. ಅಂಗಡಿಯಾತ ಮೇಲಿನ ಹಲಗೆಯಿಂದ ಮೂರಂತಸ್ತಿನದೊಂದನ್ನು ಇಳಿಸಿ, ಬೆರಳ ಗೆಣ್ಣಿನಿಂದ ಟಣ್ ಅಂತ ಬಡಿದು, "ಕ್ಯಾರಿಯರ್ ಭಾಳ ಗಟ್ಟಿ ಐತಿ ನೋಡ್ರಿ ಅಕ್ಕಾ, ಜಿಂದಗಿ ಪೂರ್ತಿ ಬರ್ತೈತಿ" ಅಂದ. ನನಗೆ ಫಕ್ಕನೆ ನಗು ಬಂತು. ಬೆಲೆ ಕೇಳುವ ಮುಂಚೆಯೇ ನಗುವ ಗಿರಾಕಿಯನ್ನು ಆತ ಕಂಡಿರಲಿಕ್ಕಿಲ್ಲ, ಪೆಚ್ಚಾಗಿ ಮುಚ್ಚಳ ಒರೆಸತೊಡಗಿದ. ಅವನಿಗೆ ಏನಂತ ಹೇಳುವುದು... ಹೆಚ್ಚುಕಮ್ಮಿ ಅದೇ ಮಾತನ್ನು, ಅದೇ ಗತ್ತಿನಲ್ಲಿ, ಬಳ್ಳಾರಿಯ ನಮ್ಮ ಪಿಯು ಕಾಲೇಜಿನಲ್ಲಿ ಒಬ್ಬರು ಹೇಳುತ್ತಿದ್ದರು. ಅವರು ಅಲ್ಲಿ ಪಾಠ ಮಾಡುತ್ತಿದ್ದರು, ಅದನ್ನು ಪಾಠ ಅನ್ನುವುದಾದರೆ.

ನಾನಾಗ ಸೆಕೆಂಡ್ ಪಿಯು. ಕೊರೋನಾ ಬಂದು ಕಾಲೇಜಿಗೆ ಬೀಗ ಬಿದ್ದಿತ್ತು, ಹಾಸ್ಟೆಲ್ ಖಾಲಿಯಾಗಿತ್ತು, ನಾನು ಸಿರುಗುಪ್ಪ ತಾಲ್ಲೂಕಿನ ನಮ್ಮೂರು ಕರೂರಿಗೆ ಬಂದು ಅಪ್ಪನ ಫೋನಿನಲ್ಲಿ ಪಾಠ ಕೇಳುತ್ತಿದ್ದೆ. ಮನೆಗೆಲ್ಲ ಅದೊಂದೇ ಫೋನು, ಹಾಗಾಗಿ ಅಪ್ಪನೂ ಪಕ್ಕದಲ್ಲಿ ಕೂತೇ ಇರುತ್ತಿದ್ದ. ಕಾಲೇಜು ಮುಚ್ಚಿದ್ದರೂ ಒಳಗೆ ಏನೋ ನಡೆಯುತ್ತಿದೆ ಅಂತ ಊರಿಗೆ ತೋರಿಸಬೇಕಲ್ಲ, ಆಡಳಿತದವರು ವಾರಕ್ಕೊಂದು ಹೊಸ ಕ್ಲಾಸು ಹಚ್ಚಿದರು. ಮುಂದೆ ಏನಾಗಬೇಕು ಅಂತ ನಾವು ಈಗಲೇ ತಿಳಿದುಕೊಳ್ಳುವ ಕ್ಲಾಸಂತೆ. ಅದಕ್ಕೆ ನೇಮಿಸಿದ ಮಹಾನುಭಾವರೇ ಇವರು. ಕೆರಿಯರ್ ಅನ್ನುವುದು ಅವರ ಬಾಯಲ್ಲಿ ಕ್ಯಾರಿಯರ್ ಆಗುತ್ತಿತ್ತು, ಅದೂ 'ಕ್ಯಾ' ಮೇಲೆ ಎಲ್ಲ ಭಾರ ಹಾಕಿ. ನಮ್ಮಜ್ಜಿ ಎರಡು ವಾರ ಸುಮ್ಮನೆ ಕೇಳಿದವಳು ಮೂರನೆಯ ವಾರ, ಡಬ್ಬಿ ಕಟ್ಟುವುದನ್ನು ಕಲಿಸಲಿಕ್ಕೂ ಒಬ್ಬ ಮೇಷ್ಟ್ರು ಬೇಕೇನು ಅಂತ ಅಪ್ಪನನ್ನು ಕೇಳಿಯೇ ಬಿಟ್ಟಳು. ಅವತ್ತಿನಿಂದ ನಮ್ಮ ಗುಂಪಿನಲ್ಲಿ ಅವರು ಕ್ಯಾರಿಯರ್ ಸರ್.

ಅವರ ಸ್ವಂತ ಕ್ಯಾರಿಯರಿನ ಕಥೆ ಕೇಳಬೇಕು. ದೊಡ್ಡ ದೊಡ್ಡ ಪರೀಕ್ಷೆಗಳಿಗೆ ಕಟ್ಟಿ ಕಟ್ಟಿ ಯಾವುದರಲ್ಲೂ ದಡ ಮುಟ್ಟಿರಲಿಲ್ಲ. ಆಮೇಲೆ ವಿಮೆ ಮಾಡಿಸಿದರು, ಬೀಜದ ಕಂಪನಿಯ ಪರವಾಗಿ ಹಳ್ಳಿ ಹಳ್ಳಿ ತಿರುಗಿದರು, ಎಲ್ಲೂ ನೆಲೆ ನಿಲ್ಲಲಿಲ್ಲ. ತನಗೇ ದಾರಿ ಸಿಗದವರು ಊರ ಮಕ್ಕಳಿಗೆಲ್ಲ ದಾರಿ ತೋರಿಸಲು ನಿಂತರು. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಆದರೂ ಏನು ಠೀವಿ, ಏನು ಟೈ. ಹಿಂದೆ ಜಲಪಾತದ ಚಿತ್ರವಿದ್ದ ಪರದೆ, ಮುಂದೆ ಇವರು. ಆ ಪರದೆಯಾಚೆಯಿಂದ ಅವರ ತಾಯಿ, "ಅನ್ನಂ ತಿನಿ ಮಾಟ್ಲಾಡರಾ" ಅಂತ ಕೂಗುತ್ತಿದ್ದರು. ಉಂಡು ಮಾತಾಡೋ ಅಂತ. ಬಳ್ಳಾರಿ ಮಕ್ಕಳಿಗೆ ತೆಲುಗು ತಿಳಿಯುವುದಿಲ್ಲ ಅಂತ ಅವರು ಯಾವ ಧೈರ್ಯದ ಮೇಲೆ ನಂಬಿದ್ದರೋ, ಮುಖದ ಗೆರೆ ಅಲುಗಿಸದೆ ಮುಂದುವರಿಸುತ್ತಿದ್ದರು.

ಮೊದಲ ಕ್ಲಾಸಿನಲ್ಲಿ ಅವರು ಕೇಳಿದ್ದು, ಹತ್ತು ವರ್ಷದ ಮೇಲೆ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಅಂತ. ನಾಳೆ ಸಿರುಗುಪ್ಪಕ್ಕೆ ಬಸ್ ಬಿಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ದಿನಗಳವು. ಕುರುಗೋಡಿನ ಹುಡುಗನೊಬ್ಬ ಮೈಕ್ ಬಿಚ್ಚಿ, "ಬದುಕಿದ್ರ ಕುರುಗೋಡಿನಾಗ ಇರ್ತೀನ್ರಿ ಸರ್" ಅಂದ. ಸರ್ ಅವನಿಗೆ ಪಾಸಿಟಿವ್ ಆಗಿ ಯೋಚಿಸುವುದರ ಬಗ್ಗೆ ಗಂಟೆ ಹೊತ್ತು ಉಪದೇಶ ಮಾಡಿದರು. ಪಾಸಿಟಿವ್ ಅನ್ನುವುದು ಅವರಿಗೆ ಊಟಕ್ಕೆ ಉಪ್ಪಿನಕಾಯಿ ಇದ್ದಂತೆ, ಪ್ರತಿ ಮಾತಿಗೂ ಬೇಕು. ನಮ್ಮೂರಲ್ಲಿ ಆಗ ಆ ಪದ ಉಸುರಿದರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು ಅನ್ನುವ ಕನಿಷ್ಠ ಜ್ಞಾನವೂ ಆ ಪುಣ್ಯಾತ್ಮರಿಗೆ ಇರಲಿಲ್ಲ.

ಆಮೇಲೆ ಬಂತು ಪ್ರಾಜೆಕ್ಟು. ಒಬ್ಬೊಬ್ಬರೂ ಒಂದು ಉದ್ಯೋಗ ಆರಿಸಿಕೊಳ್ಳಬೇಕು, ಅದನ್ನು ಮಾಡುವವರನ್ನು ಹತ್ತಿರದಿಂದ ನೋಡಬೇಕು, ಫೋಟೋ ತೆಗೆಯಬೇಕು, ಕೊನೆಗೆ ತಂದೆತಾಯಿಯ ಎದುರಿಗೆ ಫೋನಿನಲ್ಲೇ ವರದಿ ಒಪ್ಪಿಸಬೇಕು. ಮನೆಯಿಂದ ಹೊರಗೆ ಕಾಲಿಡಬೇಡಿ ಅಂತ ದೇಶವೇ ಸಾರುತ್ತಿದ್ದಾಗ! ಪೈಲಟ್ ಆಗುತ್ತೇನೆ ಅಂದವನು ಮಾಳಿಗೆ ಹತ್ತಿ ಆಕಾಶದ ಫೋಟೋ ತೆಗೆದ. ವಕೀಲಳಾಗುತ್ತೇನೆ ಅಂದವಳು ದೊಡ್ಡಪ್ಪನ ಕರಿ ಕೋಟು ಗೂಟಕ್ಕೆ ತೂಗುಹಾಕಿ ತೆಗೆದಳು. ಪೊಲೀಸ್ ಆಗಬೇಕೆಂದವನು ಅವರ ಕೆಲಸ ಹೇಗಿರುತ್ತದೆ ಅಂತ ನೋಡಲು ಸರ್ಕಲ್ಲಿಗೆ ಹೋಗಿ, ಮೀನಖಂಡಕ್ಕೆ ಎರಡು ಬೀಳಿಸಿಕೊಂಡು ಬಂದ. ಅಷ್ಟು ಅನುಭವದಿಂದ ಬಂದ ವರದಿ ಇನ್ನೊಂದಿರಲಿಲ್ಲ. ಸರ್ ಎಲ್ಲರಿಗೂ ಎಕ್ಸಲೆಂಟ್ ಅಂದರು.

ನಾನು ಆರಿಸಿಕೊಂಡದ್ದು ಲ್ಯಾಬ್ ಟೆಕ್ನಿಷಿಯನ್ ಕೆಲಸ. ಸಿರಿಗೇರಿಯ ಆಸ್ಪತ್ರೆಯಲ್ಲಿ ನನಗೆ ದೂರದಿಂದ ಚಿಕ್ಕಮ್ಮ ಆಗಬೇಕಾದವರೊಬ್ಬರು ಆ ಕೆಲಸದಲ್ಲಿದ್ದರು. ಅಪ್ಪ ಗಾಡಿಯಲ್ಲಿ ಕರೆದೊಯ್ಯುತ್ತಿದ್ದ, ನಾನು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆ. ಚಿಕ್ಕಮ್ಮ ಸ್ಲೈಡು ಹಿಡಿದು ಬೆಳಕಿಗೆ ಓರೆ ಮಾಡಿದಾಗ ನನಗೆ ಇದೇ ಬೇಕು ಅಂತ ಅನ್ನಿಸುತ್ತಿತ್ತು. ಇದರ ಶ್ರೇಯಸ್ಸು ಮಾತ್ರ ಸರ್‌ಗೆ ಕೊಡಲಾರೆ, ಚಿಕ್ಕಮ್ಮನದು. ಗುಳಿಗೆಗೆ ಬಂದವರಿಗೆಲ್ಲ ಚಿಕ್ಕಮ್ಮ ಬಿಡಿಸಿ ಹೇಳುತ್ತಿದ್ದರು: ಕೆಲವರಿಗೆ ಜ್ವರ ಇರುವುದಿಲ್ಲ, ಕೆಮ್ಮು ಇರುವುದಿಲ್ಲ, ಆದರೆ ರೋಗವನ್ನು ಹೊತ್ತುಕೊಂಡು ತಿರುಗುತ್ತಾರೆ, ಅಂಥವರನ್ನು ಕ್ಯಾರಿಯರ್ ಅನ್ನುತ್ತಾರೆ. ಟಿವಿಯವರೂ ಹಗಲೂರಾತ್ರಿ ಅದನ್ನೇ ಹೊಡೆದುಕೊಳ್ಳುತ್ತಿದ್ದರು. ಹೀಗೆ ಡಬ್ಬಿಯ ಹೆಸರು ನಮ್ಮ ಕಡೆ ರೋಗದ ಹೆಸರೂ ಆಯಿತು.

ಇಷ್ಟರಲ್ಲಿ ಕುರುಗೋಡಿನಲ್ಲಿದ್ದ ನನ್ನ ಸೋದರಮಾವನಿಗೆ ಅವಸರ ಬಿದ್ದಿತು. ಅವನ ಮಗನಿಗೆ ನನ್ನನ್ನು ತಂದುಕೊಳ್ಳುವುದು ನಾನು ತೊಟ್ಟಿಲಲ್ಲಿದ್ದಾಗಿನ ಮಾತು. ಈಗ ಛತ್ರ ಬೇಡ, ಊರೂಟ ಬೇಡ, ಮನೆಯಂಗಳದಲ್ಲಿ ನಾಲ್ಕು ಜನ ಅಕ್ಕಿಕಾಳು ಹಾಕಿದರೆ ಮುಗಿಯಿತು, ಇಂಥ ಕಾಲ ಮತ್ತೆ ಬರುವುದಿಲ್ಲ ಅನ್ನುವುದು ಅವನ ವಾದ. ಹುಡುಗ ಕೆಟ್ಟವನಲ್ಲ, ಪಾಪ, ಅವನನ್ನೂ ಯಾರೂ ಕೇಳಿರಲಿಲ್ಲ. ನನಗೆ ಹದಿನೆಂಟು ಇನ್ನೂ ತುಂಬಿರಲಿಲ್ಲ, ಅದನ್ನೂ ಯಾರೂ ಕೇಳಲಿಲ್ಲ. ಅವ್ವನಿಗೆ ಅಣ್ಣನ ಮಾತು ವೇದ. ಅಪ್ಪ ಮಾತ್ರ ಹ್ಞೂಂ ಅನ್ನದೆ ಊಹ್ಞೂಂ ಅನ್ನದೆ ದಿನ ದೂಡಿದ. ಭಾವನ ಮನೆಯವರಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಕೊನೆಗೆ, ಪ್ರಾಜೆಕ್ಟಿನ ದಿನ ಸರ್ ತಂದೆತಾಯಿಯ ಜೊತೆ ಮಾತಾಡುತ್ತಾರಲ್ಲ, ಅವತ್ತೇ ಬನ್ನಿ, ಕಲಿತವರು ಏನು ಹೇಳುತ್ತಾರೋ ಕೇಳಿ ಆಮೇಲೆ ನಿರ್ಧಾರ ಮಾಡೋಣ ಅಂದುಬಿಟ್ಟ.

ಅಂದರೆ ನನ್ನ ಓದು, ನನ್ನ ಬದುಕು, ಎಲ್ಲ ಆ ಜಲಪಾತದ ಮುಂದಿನ ಟೈ ಕಟ್ಟಿದವರ ಬಾಯಿಗೆ ಹೋಗಿ ಬಿತ್ತು. ಹೋಗಿ ಹೋಗಿ ಯಾರ ಬಾಯಿಗೆ... ಅಪ್ಪ ಹೊಲಕ್ಕೆ ಹೊರಡುವ ಮುಂಚೆ ಫೋನ್ ಇಸಿದುಕೊಂಡು, ಹಿತ್ತಲಲ್ಲಿ ನಿಂತು ಅವರಿಗೆ ಎಲ್ಲ ಹೇಳಿದೆ. ಅಪ್ಪನಿಗೆ ಒಂದೇ ಒಂದು ಮಾತು ಹೇಳಿ ಸರ್, ಈಕೆ ಓದಲಿ ಅಂತ, ಅಷ್ಟೇ ಸಾಕು ಅಂದೆ.

"ಪಾಸಿಟಿವ್ ಆಗಿರಮ್ಮಾ, ನಾ ನೋಡ್ಕೊಂತೀನಿ" ಅಂದರು. ನನ್ನ ಹೆಸರನ್ನು ಇನ್ನೊಮ್ಮೆ ಕೇಳಿ ಫೋನ್ ಇಟ್ಟರು.

ಆ ದಿನ ಮಾವ ಮತ್ತು ಅತ್ತೆ ಬುಟ್ಟಿ ಸಮೇತ ಬಂದರು. ಬುಟ್ಟಿಯಲ್ಲಿ ಸೀರೆ, ತೆಂಗಿನಕಾಯಿ, ಎಲೆ ಅಡಿಕೆ. ನಿರ್ಧಾರ ಆದ ಕೂಡಲೇ ಉಡಿ ತುಂಬಿಯೇ ಹೋಗುವ ಲೆಕ್ಕ. ಫೋನನ್ನು ಗೋಡೆಯ ಗೂಡಿನಲ್ಲಿ ಆನಿಸಿ, ದನಿ ಪೂರ್ತಿ ಏರಿಸಿ, ಎಲ್ಲರೂ ಜಮಖಾನೆಯ ಮೇಲೆ ಕೂತೆವು. ನಾನು ನನ್ನ ವರದಿ ಒಪ್ಪಿಸಿದೆ. ಹೇಗೆ ಒಪ್ಪಿಸಿದೆನೋ ನೆನಪಿಲ್ಲ. ನಮ್ಮೂರ ನೆಟ್‌ವರ್ಕ್ ಆಗಲೇ ಕುಂಟತೊಡಗಿತ್ತು. ಸರ್ ಟೈ ಸರಿಮಾಡಿಕೊಂಡು ಶುರು ಮಾಡಿದರು. ಅವರು ಹೇಳಿದ್ದು ಪೂರ್ತಿ ಏನೋ, ನಮ್ಮ ಪಡಸಾಲೆಗೆ ಬಂದದ್ದು ಇಷ್ಟು:

"ನಿಮ್ಮ ಮಗಳು... ಪಾಸಿಟಿವ್... ಫುಲ್ ಪಾಸಿಟಿವ್ ಅದಾಳ... ಕ್ಯಾರಿಯರ್... ಇಂಥಾಕೀನ್ನ ಮನಿಯಾಗ ಇಟ್ಕೋಬ್ಯಾಡ್ರಿ... ತಡಾ ಮಾಡಬ್ಯಾಡ್ರಿ, ಹೊರಗ ಕಳಸ್ರಿ..."

ಅಲ್ಲಿಗೆ ಚಿತ್ರ ನಿಂತು, ಸುತ್ತುವ ಚಕ್ರ ಬಂತು. ನನಗೆ ಅಳು ಉಕ್ಕಿತು. ಒಂದು ಮಾತು ಕೇಳಿದ್ದೆ, ಓದಲಿ ಅನ್ನುವ ಮಾತು, ಅದನ್ನು ಬಿಟ್ಟು ತಮ್ಮ ಹಳೆ ಕಂತೆಯನ್ನೇ ಬಿಚ್ಚಿದ್ದರಲ್ಲ! ನಾನು ತಲೆ ತಗ್ಗಿಸಿ ಕೂತಿದ್ದಾಗ ಪಕ್ಕದಲ್ಲಿ ಸರಸರ ಸದ್ದಾಯಿತು. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಎದ್ದು ನಿಂತಿದ್ದಳು.

"ಸಿರಿಗೇರಿ ದವಾಖಾನಿ ತಿರುಗಾಕ ಹತ್ತಿದಾಗ ನಾ ಅಂದಿದ್ನಿಲ್ಲ? ಏಳ್ರಿ ಮ್ಯಾಲೆ" ಅಂತ ಮಾವನ ತೋಳು ಹಿಡಿದು ಎಬ್ಬಿಸಿದಳು. ಮಾವ ನನ್ನ ಕಡೆ ನೋಡಿದ, ಫೋನಿನ ಕಡೆ ನೋಡಿದ, ಆಮೇಲೆ ಚಪ್ಪಲಿ ಹುಡುಕಿದ. ಚಹಾ ಹಾಗೇ ಉಳಿಯಿತು. ಅವ್ವ ಬಾಗಿಲವರೆಗೆ ಓಡಿದರೆ ಅಲ್ಲೇ ನಿಲ್ಲು ಅಂತ ಅಣ್ಣನೇ ಕೈ ತೋರಿಸಿದ.

ಅಪ್ಪನಿಗೆ ಎಲ್ಲ ಅರ್ಥವಾಗಿತ್ತು. ವಾರ ವಾರ ನನ್ನ ಪಕ್ಕದಲ್ಲಿ ಕೂತು ಆ ಎರಡೂ ಪದಗಳನ್ನು ಸಾಕು ಸಾಕಾಗುವಷ್ಟು ಕೇಳಿದ್ದವನು ಅವನು. ಒಂದು ಮಾತು ಬಿಡಿಸಿ ಹೇಳಿದ್ದರೆ ಅವರು ಮತ್ತೆ ಬಂದು ಜಮಖಾನೆಯ ಮೇಲೆ ಕೂಡುತ್ತಿದ್ದರು. ಅಪ್ಪ ಹೊಸ್ತಿಲಲ್ಲಿ ನಿಂತು, "ಹುಷಾರಾಗಿ ಹೋಗ್ರಿ" ಅಂದ. ಅಷ್ಟೇ ಅಂದ.

ಸುದ್ದಿ ಬೀದಿಗೆ ಹಬ್ಬಿತು, ಹಾಲಿನವನು ದೂರದಿಂದಲೇ ಹೊರಟು ಹೋದ, ಪರೀಕ್ಷೆ ಮಾಡುವವರು ಬಂದರು, ನನಗೆ ಏನೂ ಇಲ್ಲ ಅಂತ ವರದಿಯೂ ಬಂತು. ಅತ್ತೆ ನಂಬಲಿಲ್ಲ. ಕ್ಯಾರಿಯರ್ ಅಂದರೆ ಒಮ್ಮೆ ಆದರೆ ಆಯಿತು, ಹುಟ್ಟುಗುಣದ ಹಾಗೆ, ಹೋಗುವುದಿಲ್ಲ ಅಂತ ಅವಳಿಗೆ ಯಾರೋ ಹೇಳಿದ್ದರಂತೆ. ಆ ಕಾಲ ಕಳೆಯುವ ಮುಂಚೆಯೇ ಮಗನಿಗೆ ಬೇರೆ ಕಡೆ ಹೆಣ್ಣು ತಂದಳು. ನಾನು ಬಳ್ಳಾರಿಗೆ ಬಂದೆ, ಓದಿದೆ, ಈಗ ಅದೇ ಲ್ಯಾಬಿನ ಕೆಲಸದಲ್ಲಿದ್ದೇನೆ.

ಸರ್ ಏನು ಮಾಡಿದರು ಅನ್ನುತ್ತೀರಿ? ಗೆಳತಿಯೊಬ್ಬಳು ಮದುವೆ ತಪ್ಪಿದ ಸುದ್ದಿಯನ್ನಷ್ಟೇ ಅವರ ಕಿವಿಗೆ ಹಾಕಿದ್ದಳು. ಮುಂದಿನ ಕ್ಲಾಸಿನಲ್ಲಿ, ತಮ್ಮ ಒಂದೇ ಒಂದು ಮಾತು ಒಂದು ಬಾಲ್ಯವಿವಾಹವನ್ನು ಹೇಗೆ ನಿಲ್ಲಿಸಿತು ಅಂತ ಎಲ್ಲರೆದುರು ಎದೆಯುಬ್ಬಿಸಿ ವರ್ಣಿಸಿದರು. ಇದೇ ಸಂವಹನ ಕಲೆಯಂತೆ! ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದರೆ ಕಾಗೆ ತಾನೇ ಬಡಗಿ ಅಂದುಕೊಂಡಿತು. ನಾನು ಮೈಕ್ ಮುಚ್ಚಿಕೊಂಡು ನಕ್ಕೆ. ಅಪ್ಪ ನಗಲಿಲ್ಲ. ನಿಮ್ಮ ಸರ್ ಚೆನ್ನಾಗಿ ಹೇಳಿದರು ಅಂತ ಗಂಭೀರವಾಗಿ ಹೇಳಿ ಎದ್ದುಹೋದ.

ಎರಡನೆಯ ಅಲೆಯಲ್ಲಿ ಅವರು ಹೋದರು. ಗುಂಪಿನಲ್ಲಿ ಅವರ ಫೋಟೋ ಬಂತು, ಅದೇ ಟೈ, ಅದೇ ಜಲಪಾತ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ. ಸತ್ತವರ ಬಗ್ಗೆ ಹಗುರವಾಗಿ ಆಡಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡಿದ್ದೇನೆ, ಈಗ ಸುಳ್ಳು ಸುಳ್ಳೇ ದೇವರು ಮಾಡಲಾರೆ. ಬೊಗಳೆ ಮನುಷ್ಯ. ಆದರೆ ಆ ತಾಯಿ ಈಗ ಯಾರನ್ನು ಊಟಕ್ಕೆ ಕರೆಯುತ್ತಾರೋ ಅಂತ ಅವತ್ತು ಉಣ್ಣಲಾಗಲಿಲ್ಲ...

ಈ ವರ್ಷ ನನ್ನ ಹಳೆಯ ಕಾಲೇಜಿನವರು ಸೆಕೆಂಡ್ ಪಿಯು ಮಕ್ಕಳಿಗೆ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳು ಅಂತ ನನ್ನನ್ನೇ ಕರೆದರು. ಹೋದೆ. ಹತ್ತು ವರ್ಷದ ಮಾತು ನಾನು ಎತ್ತಲಿಲ್ಲ. ನಿಮ್ಮಲ್ಲಿ ಯಾರಿಗೆ ಮನೆಯಲ್ಲಿ ಮದುವೆ ಮಾತು ನಡೆದಿದೆ ಅಂತ ಕೇಳಿದೆ. ಎಲ್ಲರೂ ನಕ್ಕರು. ಕ್ಲಾಸು ಮುಗಿದ ಮೇಲೆ ಕುರುಗೋಡು ಕಡೆಯ ಹುಡುಗಿಯೊಬ್ಬಳು ಮೆಟ್ಟಿಲಲ್ಲಿ ಕಾದಿದ್ದಳು. ನರ್ಸಿಂಗ್ ಓದಬೇಕು, ಅಪ್ಪನಿಗೆ ನೀವು ಒಂದು ಮಾತು ಹೇಳಿ ಮೇಡಂ ಅಂದಳು. ನಾನು ನಂಬರ್ ತೆಗೆದುಕೊಂಡೆ.

ಸಂಜೆ ಫೋನ್ ಮಾಡಿದೆ. ಒಂದು ಪೊಳ್ಳು ಮಾತೂ ಸೇರಿಸದೆ, ಹುಡುಗಿ ಎಷ್ಟು ಜಾಣೆ, ಮುಂದೆ ಏನು ಓದಬಹುದು, ಎಲ್ಲಿ ಕೆಲಸ ಸಿಗುತ್ತದೆ, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದೆ. ಆತ ಮರ್ಯಾದಸ್ಥ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ.

"ನೀವು ಹೇಳೋದು ಖರೇ ಐತ್ರಿ ಮೇಡಂ. ಆದ್ರ ಹದಿನೆಂಟು ತುಂಬೇತಿ, ಮಾತು ಕೊಟ್ಟೀವಿ. ನೀವೂ ಬರ್ರಿ ಮದುವಿಗೆ" ಅಂದ.

ಈಗ ನಮ್ಮ ಕಡೆ ನೆಟ್‌ವರ್ಕ್ ಚೆನ್ನಾಗಿದೆ. ನಾನು ಹೇಳಿದ ಒಂದು ಪದವೂ ನಡುವೆ ತಪ್ಪಿಹೋಗಲಿಲ್ಲ. ಹೋದ ತಿಂಗಳು ಆ ಹುಡುಗಿಯ ಮದುವೆಯಾಯಿತು.